ಬಣ್ಣ ಹಿಡಿಯದ ಜಾಗ

"ಇಲ್ಲಿ ಬಣ್ಣ ಹಿಡೀತಾ ಇಲ್ಲಮ್ಮ."

ಪಾಲಿಶ್‌ನವನು ಬಟ್ಟೆಯ ಉಂಡೆಯನ್ನು ಡಬ್ಬಿಯ ಅಂಚಿನ ಮೇಲಿಟ್ಟು ಮೇಜಿನ ನಡುಭಾಗ ತೋರಿಸಿದ. ಅವಳು ತಿದ್ದುತ್ತಿದ್ದ ಉತ್ತರಪತ್ರಿಕೆಯನ್ನು ಮಡಿಚಿ ಶೆಡ್ಡಿನ ಬಾಗಿಲಿಗೆ ಬಂದಳು.

ಕಂದು ಬಣ್ಣ ಹಲಗೆಗಳ ಮೇಲೆಲ್ಲ ಸಮನಾಗಿ ಇಳಿದಿತ್ತು. ಎರಡು ಹಲಗೆ ಕೂಡುವ ಗೆರೆಯುದ್ದಕ್ಕೂ ಮಾತ್ರ ಬಿಳಿಚಿಕೊಂಡ ಬಾಗುಪಟ್ಟೆಗಳು. ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ. ನಾಲ್ಕು ಬೆರಳಗಲ.

"ಏನದು?"

"ಅಂಟು. ಹಲಗೆ ಜೋಡಿಸಿ ಬಿಗಿ ಮಾಡಿದಾಗ ಹೊರಗೆ ಉಕ್ಕುತ್ತಲ್ಲ, ಅದನ್ನ ಒದ್ದೆ ಬಟ್ಟೇಲಿ ಒರೆಸಿದ್ದಾರೆ. ತೆಳ್ಳಗಾಗಿ ಮರದೊಳಗೆ ಕೂತುಬಿಟ್ಟಿದೆ. ಬರಿಗಣ್ಣಿಗೆ ಕಾಣಲ್ಲ. ಬಣ್ಣ ಬಿದ್ದಾಗಲೇ ಬಂಡವಾಳ ಬಯಲಾಗೋದು."

"ಒರೆಸಬಾರದಿತ್ತಾ?"

"ಸುಮ್ಮನೆ ಬಿಡಬೇಕಿತ್ತು. ಒಂದರ್ಧ ಗಂಟೆ. ರಬ್ಬರಿನ ಹಾಗಾದ ಮೇಲೆ ಉಳಿ ಇಟ್ಟರೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬರುತ್ತೆ." ಅವನು ನಾಲಿಗೆ ಕಚ್ಚಿಕೊಂಡ. "ತಪ್ಪು ತಿಳೀಬೇಡಿ. ಸಾರ್ ಕೈ ಒಳ್ಳೇದು. ಈ ಕೂಡು ನೋಡಿ, ಉಗುರಿಗೂ ಸಿಗಲ್ಲ. ಇದೊಂದರಲ್ಲೇ ಅವಸರ ಮಾಡಿದ್ದಾರೆ."

ಸಾರ್ ಒರೆಸಿರಲಿಲ್ಲ. ಒರೆಸಿದವಳು ಅವಳು.

ಏಳು ತಿಂಗಳ ಹಿಂದಿನ ಒಂದು ಭಾನುವಾರ. ಗಂಡ ಇದೇ ಶೆಡ್ಡಿನಲ್ಲಿ ಬಗ್ಗಿ ಹಲಗೆ ಬಿಗಿಯುವ ಕ್ಲ್ಯಾಂಪು ತಿರುಗಿಸುತ್ತಿದ್ದ. ಒಂದೊಂದು ಸುತ್ತಿಗೂ ಕೂಡುಗೆರೆಯಿಂದ ಬಿಳಿಯ ಹನಿಗಳು ಸಾಲಾಗಿ ಏಳುತ್ತಿದ್ದವು. ವಾರವಿಡೀ ಪಾಠದಂತೆ ಸಿದ್ಧಮಾಡಿಕೊಂಡಿದ್ದ ಮಾತನ್ನು ಅವಳು ಹೇಳಿದ್ದಳು: "ನಾನು ಇನ್ನು ಇಲ್ಲಿರಲ್ಲ. ಪರೀಕ್ಷೆ ಮುಗಿದ ಮೇಲೆ ಹೋಗ್ತೀನಿ."

ಅವನು ಇನ್ನೊಂದು ಕಾಲು ಸುತ್ತು ತಿರುಗಿಸಿದ.

"ಮೊದಲು ಇದನ್ನ ಒರೆಸು. ಒಣಗಿದ್ರೆ ಬರಲ್ಲ."

ಅವಳು ಒರೆಸಿದಳು. ಯಾರದೋ ಕೆನ್ನೆಗೆ ಹೊಡೆದಂತೆ, ಆಚೆಗೊಮ್ಮೆ ಈಚೆಗೊಮ್ಮೆ. ಆ ಮಾತು ಮತ್ತೆ ಬರಲಿಲ್ಲ. ಹನ್ನೊಂದನೆಯ ದಿನ ಅವನು ಕಚೇರಿಯ ಮೆಟ್ಟಿಲ ಮೇಲೆ ಶೂ ದಾರ ಕಟ್ಟಲು ಕೂತವನು ಏಳಲಿಲ್ಲ. ಎದೆಬಡಿತ ನಿಂತಿತ್ತು ಎಂದರು.

ಸಾವು ಇನ್ನು ಇಪ್ಪತ್ತು ದಿನ ತಡೆದಿದ್ದರೆ ಅವಳು ಗಂಡನನ್ನು ಬಿಟ್ಟವಳಾಗುತ್ತಿದ್ದಳು. ಈಗ ಕಳೆದುಕೊಂಡವಳು. ಪಕ್ಕದ ಮನೆಯವರು ಅವಳೆದುರು ದನಿ ತಗ್ಗಿಸುತ್ತಾರೆ. ಕಾಲೇಜಿನ ಸಂತಾಪ ಸಭೆಯಲ್ಲಿ ಪ್ರಿನ್ಸಿಪಾಲರು ಆದರ್ಶ ದಂಪತಿ ಎಂದರು. ಸುಳ್ಳು ಆಧಾರವಾಕ್ಯದಿಂದ ಏನನ್ನು ಬೇಕಾದರೂ ಸಾಧಿಸಬಹುದೆಂದು ತರ್ಕಶಾಸ್ತ್ರದ ತರಗತಿಯಲ್ಲಿ ಕಲಿಸುವವಳು ಅವಳು. ಮುಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದಳು. ಯಾರಾದರೂ ಕೇಳಿದರೆ ಹೇಳಿಬಿಡಬೇಕು ಎಂದುಕೊಂಡಿದ್ದಳು. ಯಾರೂ ಕೇಳಲಿಲ್ಲ.

"ತೆಗೆಯೋಕಾಗುತ್ತಾ?"

"ಕೆರೆದು, ಉಪ್ಪುಕಾಗದ ಹಾಕಿ ಉಜ್ಜಿದ್ರೆ ಹೋಗುತ್ತೆ. ಎರಡು ಗಂಟೆ ಕೆಲಸ. ಆಮೇಲೆ ಮತ್ತೆ ಬಣ್ಣ."

"ಕೊಡಿ ಇಲ್ಲಿ."

ಸಂಜೆ ನಾದಿನಿ ಮೇಜು ನೋಡಲು ಬರುವವಳಿದ್ದಳು. ಅಣ್ಣ ಅರ್ಧಕ್ಕೆ ಬಿಟ್ಟದ್ದನ್ನು ತನ್ನ ಮನೆಗೆ ಒಯ್ಯುತ್ತೇನೆಂದು ಹಟ ಹಿಡಿದಿದ್ದಳು. ಅಷ್ಟರೊಳಗೆ ಇದು ಹೋಗಬೇಕು. ಅವಳು ಕೆರೆಯುವ ಉಕ್ಕಿನ ತಗಡನ್ನು ಎರಡು ಕೈಯಲ್ಲಿ ಹಿಡಿದು ಎಳೆದಳು. ಒಂದು ಪಟ್ಟೆ ಹೋಗುವಷ್ಟರಲ್ಲಿ ಹೆಬ್ಬೆರಳು ಬಿಸಿಯಾಯಿತು. ನೋವು ನಿಜವಾಗಿತ್ತು. ಅದೊಂದು ಸಮಾಧಾನ.

ನಾದಿನಿ ಮೂರಕ್ಕೇ ಬಂದಳು, ತನ್ನ ಮನೆಯ ಬಾಗಿಲ ಅಗಲ ಬರೆದುಕೊಂಡ ಚೀಟಿ ಹಿಡಿದು.

"ಅತ್ತಿಗೆ, ನೀವ್ಯಾಕೆ ಕೆರೀತಾ ಕೂತಿದ್ದೀರಿ? ಇವರಿಗೇನು ಕೈಯಿಲ್ವಾ?"

"ಕೇಳಿದ್ರೂ ಬಿಡಲಿಲ್ಲಮ್ಮ," ಎಂದ ಪಾಲಿಶ್‌ನವನು. "ಸಾರ್ ಒರೆಸಿದ ಗುರುತು ಉಳಿದುಬಿಟ್ಟಿದೆ, ಅದಕ್ಕೆ."

"ಅಣ್ಣನ ಕೈಗುರುತಾ?" ನಾದಿನಿ ಅಲ್ಲೇ ಕುಕ್ಕರುಗಾಲಲ್ಲಿ ಕೂತಳು. "ಅಯ್ಯೋ, ತೆಗೀಬೇಡಿ!"

"ಅದು ಅವರ ಕೈಯಲ್ಲ. ನನ್ನದು."

"ನಿಮ್ಮದಾ?" ನಾದಿನಿಯ ಕಣ್ಣು ತುಂಬಿತು. "ಇಬ್ಬರೂ ಸೇರಿ ಮಾಡಿದ್ದಾ? ಅಣ್ಣ ಹೇಳಲೇ ಇಲ್ಲ ನೋಡಿ."

"ಅವತ್ತು ನಾನು ಹೋಗ್ತೀನಿ ಅಂದೆ."

"ಎಲ್ಲಿಗೆ?"

"ಬಿಟ್ಟು."

ನಾದಿನಿ ಅವಳ ಮುಖವನ್ನೇ ನೋಡಿದಳು. ಡಬ್ಬಿಯ ಮುಚ್ಚಳ ಹುಡುಕುತ್ತಿದ್ದ ಪಾಲಿಶ್‌ನವನ ಕೈಯೂ ನಿಂತಿತು. ಈಗ ಆಗುತ್ತದೆ, ಎಂದುಕೊಂಡಳು ಅವಳು. ಏನಾಗುತ್ತದೋ ಆಗಲಿ.

ನಾದಿನಿ ಅಳುತ್ತಲೇ ನಕ್ಕಳು.

"ನಾನೂ ನನ್ನ ಗಂಡನಿಗೆ ವಾರಕ್ಕೆರಡು ಸಲ ಹಾಗೇ ಅಂತೀನಿ ಅತ್ತಿಗೆ. ಬ್ಯಾಗ್ ಕೂಡ ತುಂಬ್ತೀನಿ. ಅದನ್ನೆಲ್ಲ ಮನಸ್ಸಿಗೆ ಹಚ್ಕೊಂಡು ಹೀಗೆ ಕೊರಗ್ತಾರಾ?"

"ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ," ಎಂದ ಪಾಲಿಶ್‌ನವನು, ಮುಚ್ಚಳ ಸಿಕ್ಕಿದ ಸಮಾಧಾನದಲ್ಲಿ.

ಅಂದು ಅವರು ಉಂಡಿದ್ದರು, ಮಲಗಿದ್ದರು. ಜಗಳವೊಂದೇ ಆಗಿರಲಿಲ್ಲ. ಅದನ್ನು ಹೇಳಲು ಅವಳು ಬಾಯಿ ತೆರೆಯುವಷ್ಟರಲ್ಲಿ ನಾದಿನಿಯ ಕೆನ್ನೆ ಅವಳ ಭುಜದ ಮೇಲಿತ್ತು. ಕೈಗೆ ಬೇರೆ ಕೆಲಸವಿಲ್ಲದೆ ಅವಳು ಆ ಬೆನ್ನು ಸವರಿದಳು.

"ಹಾಗೇ ವಾರ್ನಿಶ್ ಹಾಕಿ," ಎಂದಳು ನಾದಿನಿ ಮೂಗೊರೆಸಿಕೊಂಡು. "ಇನ್ನೊಂದು ಗೆರೆ ಅಳಿಸಿದ್ರೂ ನಾನು ಸುಮ್ಮನಿರಲ್ಲ. ಮನೆಗೆ ಬಂದವರಿಗೆಲ್ಲ ತೋರಿಸ್ತೀನಿ, ಇದು ನಮ್ಮತ್ತಿಗೆ ಕೈ ಅಂತ."

ನಾಳೆ ಗಾಡಿ ಕಳಿಸುವುದಾಗಿ ಹೇಳಿ ಹೊರಟುಹೋದಳು.

ಪಾಲಿಶ್‌ನವನು ಕೆರೆದ ಜಾಗಕ್ಕೆ ಬಣ್ಣ ಮುಟ್ಟಿಸಿದ. ಅದು ಆರಿದ ಮೇಲೆ ಅಗಲ ಬ್ರಶ್ಶಿನಲ್ಲಿ ವಾರ್ನಿಶ್ ಎಳೆದ. ಕಂದು ಇನ್ನಷ್ಟು ಕಪ್ಪಾಯಿತು. ಬಿಳಿ ಇನ್ನಷ್ಟು ಬೆಳ್ಳಗಾಯಿತು. ಅವನು ಬ್ರಶ್ ತೊಳೆಯಲು ನಲ್ಲಿಯ ಕಡೆ ಹೋದ.

ಅವಳು ಮೇಜಿನ ಮೇಲೆ ಬಾಗಿದಳು. ಒದ್ದೆ ಹೊಳಪಿನ ತಳದಲ್ಲಿ ಅವಳ ಮುಖವಿತ್ತು. ಬಿಳಿಯ ಪಟ್ಟೆಗಳು ಅದರ ಮೇಲೆ ಹಾದುಹೋಗಿದ್ದವು, ಯಾರೋ ಒರೆಸಲು ತೊಡಗಿ ಬಾಯಿ ಮಾತ್ರ ಅಳಿಸಿ ಎದ್ದುಹೋದಂತೆ. ಅವಳು ಕೈ ಚಾಚಿದಳು.

"ಮುಟ್ಟಬೇಡಿ ಅಮ್ಮಾ," ನಲ್ಲಿಯ ಕಡೆಯಿಂದ ಪಾಲಿಶ್‌ನವನು ಕೂಗಿದ. "ಇನ್ನೂ ಹಸಿ!"

ಕೈ ಗಾಳಿಯಲ್ಲೇ ನಿಂತಿತು. ವಾರ್ನಿಶಿನೊಳಗಿನಿಂದಲೂ ಒಂದು ಕೈ ಮೇಲೆ ಬಂದು, ಅವಳ ಕೈಗೆ ಒಂದಂಗುಲ ಕೆಳಗೆ, ಹಾಗೇ ನಿಂತಿತು.