ದೇವರ ಮುಂದಿನ ತಂಬಾಕು ಚೀಲ

ನಿಪ್ಪಾಣಿಯ ಭೂಪಾಲ ತಂಬಾಕಿನ ವ್ಯಾಪಾರಿಯಾದರೂ ಅದರ ಧೂಳು ಹತ್ತಿದ ಅಂಗಿಯಲ್ಲಿ ಬಸದಿಯ ಹೊಸ್ತಿಲು ದಾಟಿದವನಲ್ಲ. ತಂಬಾಕು ತುಂಬಿಟ್ಟ ವಖಾರಿಯಿಂದ ಬಂದು, ತಲೆಗೆ ನೀರು ಹಾಕಿಕೊಂಡ ಮೇಲೆಯೇ ದರ್ಶನ. ಅಂಥವನು ಎಂಬತ್ತಾರರ ಮಾರ್ಚಿನಲ್ಲಿ ಜೊತೆಯ ವ್ಯಾಪಾರಿ ಆಬಾಸಾಹೇಬನನ್ನು ಕಟ್ಟಿಕೊಂಡು ರಶಿಯಾಕ್ಕೆ ಹೋದ. ಸಮುದ್ರ ದಾಟಿದ ಅವನ ಮಾಲು ಹಸಿ ಹಿಡಿದಿದೆ ಎಂದು ಅಲ್ಲಿಯವರು ತಕರಾರು ತೆಗೆದಿದ್ದರು. ಅದು ತಿರುಗಿ ಬಂದರೆ ಪೇಟೆಯಲ್ಲಿ ತಲೆ ಎತ್ತುವಂತಿರಲಿಲ್ಲ.

ವೋಲ್ಗಾ ದಂಡೆಯ ಹಳೆಯ ಊರು. ಕಟ್ಟಿಗೆಯ ಮನೆಗಳು, ಕಿಟಕಿಗಳಿಗೆ ಜಾಲರಿಯಂಥ ಕೆತ್ತನೆ. ಎಲ್ಲಿ ನೋಡಿದರೂ ಕ್ರೈಸ್ತರ ಗುಡಿಯ ಗುಮ್ಮಟ, ಬುಡ ಉಬ್ಬಿ ತುದಿ ಚೂಪು.

“ಭೂಪಾಲಣ್ಣಾ, ನೀ ಉಳ್ಳಾಗಡ್ಡಿ ಮುಟ್ಟಂಗಿಲ್ಲ. ಇಲ್ಲಿ ನೋಡು, ದೇವರ ತಲಿ ಮ್ಯಾಲೇ ಇಟ್ಟಾರ!” ಆಬಾಸಾಹೇಬ ಕಿಚಾಯಿಸಿದ.

“ಸುಮ್ನಿರೋ. ಯಾರ ದೇವರಾದ್ರೇನು,” ಎಂದು ಭೂಪಾಲ ಕೈ ಮುಗಿದ.

ಹಿಂದಿ ಬಲ್ಲ ದುಭಾಷಿ ಹುಡುಗಿ ಅವರನ್ನು ಅಂಥದೇ ಒಂದು ಗುಡಿಗೆ ಕರೆದೊಯ್ದಳು. ಮಧ್ಯಾಹ್ನ ಸಾಹೇಬರು ಮಾಲು ನೋಡಲು ಬರುವವರಿದ್ದರು. ಅಷ್ಟರೊಳಗೆ ದರ್ಶನವಾದರೆ ಒಳ್ಳೆಯದೇ ಎಂದುಕೊಂಡು ಭೂಪಾಲ ಮೆಟ್ಟಿಲ ಬಳಿ ಬೂಟು ಬಿಚ್ಚಿದ.

ಹುಡುಗಿ ನಕ್ಕಳು. “ಬೂಟು ಯಾಕೆ? ಗುಡಿ ಮುಚ್ಚಿಸಿ ಎಷ್ಟೋ ವರ್ಷವಾಯಿತು, ಈಗಿದು ಸರಕಾರದ ಗೋದಾಮು. ನಿಮ್ಮ ಮಾಲು ಇಲ್ಲೇ ಇದೆ.”

ಬಾಗಿಲು ತೆರೆಯುತ್ತಲೇ ತನ್ನದೇ ವಖಾರಿಯ ಘಾಟು ಮೂಗಿಗೆ ಬಡಿಯಿತು. ಬಾಯಲ್ಲಿದ್ದ ಣಮೋಕಾರ ಮಂತ್ರ ಅರ್ಧಕ್ಕೇ ನಿಂತಿತು. ಗರ್ಭಗುಡಿಯ ಗೋಡೆಗುಂಟ ಅವನ ಚೀಲಗಳು, ಒಂದರ ಮೇಲೊಂದು, ಆಳೆತ್ತರ. ಮೇಲಿಂದ ಗೋಡೆಗೆ ಬರೆದ ಬಣ್ಣದ ಸಂತರು ಎವೆ ಮುಚ್ಚದೆ ನೋಡುತ್ತಿದ್ದರು.

“ಹೊರಗ ತಗೀರಿ. ಎಲ್ಲಾ ಹೊರಗ.”

“ಹುಚ್ಚು ಹಿಡದೈತೇನು ನಿನಗ?” ಆಬಾಸಾಹೇಬ ಅವನ ರಟ್ಟೆ ಹಿಡಿದ. “ಬರ್ಫ ಬೀಳಾಕತ್ತೈತಿ. ಮೊದಲೇ ಹಸಿ ಅಂತಾರ, ಈಗ ನೀನೇ ತೋಯಿಸಿ ಕೊಡ್ತೀಯೇನು?”

“ಏನರ ಅನ್ಲಿ. ನನ್ನ ಮಾಲು ದೇವರ ಮಾರಿಗೆ ಅಡ್ಡ ನಿಂತೈತಿ.”

ಹುಡುಗಿ ಕಕ್ಕಾಬಿಕ್ಕಿಯಾಗಿ ನಿಂತಳು. ಭೂಪಾಲ ತಾನೇ ಮೊದಲ ಚೀಲಕ್ಕೆ ಭುಜ ಕೊಟ್ಟ. ಬೈಯುತ್ತಲೇ ಆಬಾಸಾಹೇಬ ಇನ್ನೊಂದು ತುದಿ ಹಿಡಿದ. ಇಬ್ಬರೂ ಏದುಸಿರು ಬಿಡುತ್ತ ಚೀಲಗಳನ್ನು ಎಳೆದೆಳೆದು ಅಂಗಳಕ್ಕೆ ಹಾಕಿದರು.

ಕಡೆಯ ಚೀಲ ಸರಿದಾಗ ಗೋಡೆ ಕಂಡಿತು. ಅಲ್ಲಿನ ಚಿತ್ರದಲ್ಲಿ ತಾಯಿಯ ನೀಲಿ ಸೆರಗಿತ್ತು. ಮಡಿಲಲ್ಲಿ ಕೂಸಿನ ಪುಟ್ಟ ಪಾದವಿತ್ತು. ಮುಖಗಳಿರಲಿಲ್ಲ. ಎಷ್ಟೋ ವರ್ಷಗಳಿಂದ ಯಾರ್ಯಾರದೋ ಚೀಲಗಳು ತಿಕ್ಕಿ ತಿಕ್ಕಿ ಅಲ್ಲಿ ಬರೀ ಗಾರೆ ಉಳಿದಿತ್ತು.

ಭೂಪಾಲ ಬೆರಳಿಂದ ಆ ಗಾರೆ ಸವರಿದ.

“ಭೂಪಾಲಣ್ಣಾ,” ಆಬಾಸಾಹೇಬ ಮೆಲ್ಲಗೆ ಕೇಳಿದ, “ಮತ್ತ ಒಳಗ ತಗೊಳ್ಳೋಣೇನು?”

ಭೂಪಾಲ ಒಮ್ಮೆ ಮುಖವಿಲ್ಲದ ಗೋಡೆ ನೋಡಿದ, ಒಮ್ಮೆ ಬಾಗಿಲಾಚೆ ನೋಡಿದ. ಅಂಗಳದಲ್ಲಿ ಚೀಲಗಳು ಹಿಮ ಬಿದ್ದು ಬೆಳ್ಳಗಾಗುತ್ತಿದ್ದವು.