ಆರರಿಂದ ಹತ್ತರವರೆಗೆ

ನಮ್ಮ ಮನೆಯವರು ಗುಡುಸಾಬರು ತಾಂಬಾದಲ್ಲಿ ನಲವತ್ತೊಂದು ವರ್ಷ ಹಿಟ್ಟಿನ ಗಿರಣಿ ನಡೆಸಿದರು. ಗಿರಣಿಗೂ ಮನೆಗೂ ನಡುವೆ ಒಂದೇ ಗೋಡೆ, ಗೋಡೆಯಲ್ಲಿ ಒಂದು ಬಾಗಿಲು. ಹಿಟ್ಟಿನ ಧೂಳು, ಸವೆದ ಕಲ್ಲಿಗೆ ಉಳಿಯಿಂದ ಹಲ್ಲು ಕೊರೆಯುವಾಗಿನ ಧೂಳು, ಮೆಣಸಿನಕಾಯಿಯ ಘಾಟು, ಎಲ್ಲವೂ ಅವರ ಎದೆಯೊಳಗೆ ಇಳಿದು ಕುಳಿತವು. ಹೋದ ವರ್ಷ ವಿಜಯಪುರದ ಡಾಕ್ಟರು ಎಕ್ಸರೇ ನೋಡಿ, ಇನ್ನು ಮೇಲೆ ಮೂಗಿಗೆ ಆಕ್ಸಿಜನ್ ನಳಿಗೆ ಹಚ್ಚಿಕೊಂಡೇ ಇರಬೇಕು, ಬಚ್ಚಲಿಗೆ ಹೋಗಿ ಬರುವಷ್ಟು ಹೊತ್ತು ಬಿಟ್ಟರೆ ತೆಗೆಯಬಾರದು ಎಂದರು. ಮಗ ಯುನೂಸ ಒಂದು ಹಳೆಯ ಮಷಿನ್ನು ಕೊಂಡು ತಂದ. ಸಿಲಿಂಡರಿನದಲ್ಲ, ಕರೆಂಟಿನದು. ಕೋಣೆಯ ಗಾಳಿಯನ್ನೇ ಎಳೆದುಕೊಂಡು ಸೋಸಿ ಕೊಡುತ್ತದೆ. ಚಿಕ್ಕ ಟ್ರಂಕಿನಷ್ಟು ಎತ್ತರ, ಇಡೀ ದಿನ ಗುರುಗುಡುತ್ತಿರುತ್ತದೆ.

ಅದನ್ನು ಎಲ್ಲಿ ಹಚ್ಚುವುದು ಎಂಬುದೇ ಮೊದಲು ವಿಚಾರಕ್ಕೆ ಬಂತು. ಮನೆಯ ಮೀಟರು ಇನ್ನೂರು ಯೂನಿಟ್ಟಿನ ಒಳಗಿದ್ದರೆ ಸರಕಾರದ ಸೊನ್ನೆ ಬಿಲ್ಲು. ಈ ಮಷಿನ್ನು ತಾನೊಂದೇ ತಿಂಗಳಿಗೆ ಇನ್ನೂರಿಪ್ಪತ್ತೈದು ತಿನ್ನುತ್ತದೆ. ಮನೆಗೆ ಹಚ್ಚಿದರೆ ಸೊನ್ನೆ ಹೋಗಿ ಪೂರಾ ಬಿಲ್ಲು ಮೈಮೇಲೆ ಬೀಳುತ್ತದೆ. ಗಿರಣಿಯದು ಬೇರೆ ಮೀಟರು, ಅದಕ್ಕೆ ಬಿಲ್ಲು ಹೇಗೂ ಇದ್ದದ್ದೇ. ಅದಕ್ಕೆ ನಮ್ಮವರೇ ಗೋಡೆಗೆ ತೂತು ಹೊಡೆಸಿ, ಗಿರಣಿಯ ಕಡೆಯಿಂದ ವೈರು ಎಳೆಸಿಕೊಂಡರು.

ಹೀಗಿರುವಾಗ ಗಿರಣಿಗೆ ಹೊಸ ಮೀಟರು ಬಂತು. ಕೂಡಿಸಲು ಬಂದ ಲೈನ್‌ಮನ್ ಖಂಡೆಪ್ಪ ಚಹಾ ಕುಡಿಯುತ್ತಾ ಒಂದು ಸುದ್ದಿ ಹೇಳಿದ. ಈ ಮೀಟರು ಹೊತ್ತನ್ನೂ ಲೆಕ್ಕ ಹಿಡಿಯುತ್ತದೆ. ಬೇಕೆಂದವರಿಗೆ ಹೊತ್ತಿನ ದರ ಉಂಟು. ರಾತ್ರಿ ಹತ್ತರಿಂದ ಮುಂಜಾನೆ ಆರರವರೆಗೆ ಯೂನಿಟ್ಟಿಗೆ ಒಂದು ರೂಪಾಯಿ ಕಡಿಮೆ, ಸಂಜೆ ಆರರಿಂದ ಹತ್ತರವರೆಗೆ ಒಂದು ರೂಪಾಯಿ ಹೆಚ್ಚು. ನಮ್ಮವರ ಮುಖ ಅರಳಿತು. ನಲವತ್ತು ವರ್ಷ ಕರೆಂಟು ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂದು ಕಾದವರು ಅವರು; ಈಗ ಹೊತ್ತು ನೋಡಿ ಉಳಿಸುವ ದಾರಿ ಸಿಕ್ಕಿತಲ್ಲ! ಅಂದೇ ಯುನೂಸನನ್ನು ಕರೆದು ಆ ದರ ಬೇಕೆಂದು ಆಫೀಸಿಗೆ ಬರೆದುಕೊಡು ಎಂದರು. ಅವನು ಒಂದು ವಾರ ಬಿಟ್ಟು, ಕೊಟ್ಟು ಬಂದೆ ಅಬ್ಬಾ ಎಂದ.

ಆದರೆ ಸಂಜೆ ಗಿರಣಿ ನಿಲ್ಲಲಿಲ್ಲ. ನಿಲ್ಲಿಸುವುದು ಹೇಗೆ? ನಮ್ಮೂರ ಹೆಣ್ಣುಮಕ್ಕಳು ಹೊಲದಿಂದ ಬಂದು, ಕೈಕಾಲು ತೊಳೆದು, ಜೋಳದ ಡಬ್ಬಿ ಹೊತ್ತುಕೊಂಡು ಬರುವುದೇ ದೀಪ ಹಚ್ಚುವ ಹೊತ್ತಿಗೆ. ಕಾಳು ಇಟ್ಟು ಹೋಗಿರಿ, ಮುಂಜಾನೆ ಒಯ್ಯಿರಿ ಎಂದರೆ ಯಾರೂ ಕೇಳುವುದಿಲ್ಲ. ತಮ್ಮ ಕಾಳು ಸುರಿಯುವುದರಿಂದ ಹಿಡಿದು ತಮ್ಮ ಹಿಟ್ಟು ಕೊನೆಯ ಹಿಡಿಯವರೆಗೂ ಬೀಳುವ ತನಕ ಅಲ್ಲೇ ನಿಂತಿರಬೇಕು. ನಮ್ಮವರು ಒಂದು ಸಲ ಬಾಗಿಲಿಗೆ ಬಂದು ಈ ಮಾತು ತೆಗೆದಾಗ ರುಕ್ಮವ್ವ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ನಂದು ಬಿಳಿಜ್ವಾಳ ಕಾಕಾ. ರಾತ್ರಿ ಬಿಟ್ಟ ಹೋದ್ರ ಮುಂಜಾನಿ ಯಾರ ಹಿಟ್ಟು ಯಾರ ಹೊಟ್ಟ್ಯಾಗ ಹೊಕ್ಕಿರತೈತೋ ಯಾರಿಗೆ ಗೊತ್ತು? ನೀ ಬೇಕಾದ್ರ ಗಿರಣಿಗಿ ರೋಜಾ ಉಪಾಸ ಹಿಡಸು, ನಮ್ಮ ಒಲಿಗಿ ಹಿಡಸಬ್ಯಾಡ."

ಎಲ್ಲರೂ ನಕ್ಕರು. ನಮ್ಮವರೂ ನಕ್ಕರು. ಆಮೇಲೆ ಒಳಗೆ ಬಂದು ಮಂಚದ ಮೇಲೆ ಕುಳಿತರು. ಗಡಿಯಾರದಲ್ಲಿ ಆರು ಹೊಡೆದಿತ್ತು. ಗೋಡೆಯಾಚೆ ಮೋಟಾರು ಜೋರಾಗಿ ತಿರುಗುತ್ತಿತ್ತು.

"ಅದು ನಿಂದ್ರಂಗಿಲ್ಲ ಅಂದ್ರ ಇದರ ನಿಂದರಲಿ" ಎಂದು ಮೂಗಿನಿಂದ ನಳಿಗೆ ತೆಗೆದು ನನ್ನ ಕೈಗೆ ಕೊಟ್ಟರು. "ಹತ್ತಕ್ಕ ಹಚ್ಚು. ಯುನೂಸಗ ಹೇಳಬ್ಯಾಡ."

ಅಂದಿನಿಂದ ದಿನಾ ಸಂಜೆ ಇದೇ ಆಯಿತು. ಆರರಿಂದ ಹತ್ತರವರೆಗೆ ಯುನೂಸ, ಸೊಸೆ ಗುಲನಾಜ ಇಬ್ಬರೂ ಗಿರಣಿಯಲ್ಲಿ, ಮನೆಯಲ್ಲಿ ನಾವಿಬ್ಬರೇ. ಮೊದಲ ತಾಸು ಮಾತಾಡುತ್ತಿದ್ದರು. ಎರಡನೆಯ ತಾಸಿಗೆ ಮಾತು ನಿಲ್ಲುತ್ತಿತ್ತು. ಮೂರನೆಯ ತಾಸಿಗೆ ಎರಡೂ ಕೈ ಮೊಣಕಾಲ ಮೇಲೆ ಊರಿ, ಮುಂದಕ್ಕೆ ಬಾಗಿ, ಹೆಗಲು ಎತ್ತಿ ಎತ್ತಿ ಗಾಳಿ ಎಳೆಯುತ್ತಿದ್ದರು. ಬೆರಳಿಗೆ ಕಚ್ಚಿಸುವ ಡಬ್ಬಿಯೊಂದು ಡಾಕ್ಟರು ಕೊಟ್ಟಿದ್ದರು. ನಳಿಗೆ ಇದ್ದಾಗ ತೊಂಬತ್ತಮೂರು ತೋರಿಸುವ ಅದು ಒಂಬತ್ತು ಗಂಟೆಗೆ ಎಂಬತ್ತೊಂದು ತೋರಿಸುತ್ತಿತ್ತು. ಉಗುರು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗುತ್ತಿದ್ದವು. ನಾನು ಬೆನ್ನು ನೀವುತ್ತಾ ಕೂರುತ್ತಿದ್ದೆ. ಬೇರೆ ಏನು ಮಾಡಲಿ? ಹತ್ತು ಹೊಡೆದ ಕೂಡಲೇ ಗುಂಡಿ ಒತ್ತುತ್ತಿದ್ದೆ. ಯುನೂಸ ಮೈಮೇಲಿನ ಹಿಟ್ಟು ಕೊಡವಿಕೊಂಡು ಒಳಗೆ ಬರುವಷ್ಟರಲ್ಲಿ ನಳಿಗೆ ಮೂಗಿನಲ್ಲಿರುತ್ತಿತ್ತು. ಅಬ್ಬಾ ಇವತ್ತು ದಣಿದಾನ ಎಂದು ಅವನು ತನ್ನ ಪಾಡಿಗೆ ಊಟಕ್ಕೆ ಕೂರುತ್ತಿದ್ದ.

ಒಂದೆರಡು ಸಲ ಅವರು ತೂಕಡಿಸಿದಾಗ ಸದ್ದಿಲ್ಲದೆ ಮಷಿನ್ನು ಹಚ್ಚಿ ನೋಡಿದೆ. ಗೋಡೆಯಾಚೆ ಅಷ್ಟು ದೊಡ್ಡ ಮೋಟಾರು ಗರ್ಜಿಸುತ್ತಿದ್ದರೂ ಈ ಸಣ್ಣ ಗುರುಗುಟ್ಟುವಿಕೆ ಅವರ ಕಿವಿಗೆ ಬಿದ್ದೇ ಬೀಳುತ್ತಿತ್ತು. ಕಣ್ಣು ತೆರೆಯದೆ ಕೈಯಾಡಿಸಿ ಆರಿಸು ಎನ್ನುತ್ತಿದ್ದರು. ಒಂದು ದಿನ ನೋಟುಬುಕ್ಕಿನಲ್ಲಿ ಲೆಕ್ಕ ಮಾಡಿ ಓದಿ ಹೇಳಿದೆ. ನಾಲ್ಕು ತಾಸಿಗೆ ಒಂದೂಕಾಲು ಯೂನಿಟ್ಟು, ಸಂಜೆಯ ಹೆಚ್ಚಿನ ದರ ಎಂದರೆ ದಿನಕ್ಕೆ ಒಂದೂಕಾಲು ರೂಪಾಯಿ. ಇಷ್ಟಕ್ಕಾಗಿ ಜೀವ ತೇಯುವುದೇನು ಎಂದೆ. ಅವರು ಉಸಿರು ಸಿಕ್ಕಾಗ ಸಿಕ್ಕಾಗ ಒಂದೊಂದೇ ಮಾತು ಆಡಿದರು.

"ಅಂವ ಉಳಸಂಗಿಲ್ಲ. ನಾನರ ಉಳಸ್ತೇನಿ."

ಎರಡು ತಿಂಗಳು ಕಳೆದವು. ನನಗೊಂದು ವಿಚಾರ ಹೊಳೆಯಿತು. ರೋಗಿಯ ಮಷಿನ್ನಿಗೆ ಸಂಜೆಯ ಹೆಚ್ಚಿನ ದರ ಮಾಫಿ ಮಾಡುವ ಪದ್ಧತಿ ಏನಾದರೂ ಇದ್ದೀತು, ಇಂಡಿ ಪಟ್ಟಣದ ಕರೆಂಟು ಆಫೀಸಿನಲ್ಲಿ ಕೇಳಿದರೆ ತಿಳಿದೀತು ಎಂದು. ಗುಲನಾಜಳಿಗೆ ಕಣ್ಣು ತೋರಿಸಿಕೊಂಡು ಬರುತ್ತೇನೆಂದು ಹೇಳಿ, ಡಾಕ್ಟರ ಚೀಟಿ, ಗಿರಣಿಯ ಬಿಲ್ಲು ಎರಡನ್ನೂ ಸೆರಗಿನಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿದೆ.

ಆಫೀಸಿನಲ್ಲಿ ಸಿದ್ದಾರೂಢ ಎಂಬ ಕಾರಕೂನರು ನನ್ನನ್ನು ಕುರ್ಚಿಯ ಮೇಲೆ ಕೂರಿಸಿ ಎಲ್ಲವನ್ನೂ ಕೇಳಿದರು. ಬಿಲ್ಲಿನ ಮೇಲಿನ ನಂಬರು ಹೊಡೆದು ಕಂಪ್ಯೂಟರು ನೋಡಿದರು. ಮತ್ತೊಮ್ಮೆ ನೋಡಿದರು.

"ಅಮ್ಮಾ, ನಿಮ್ಮ ಮೀಟರಿಗೆ ಆ ದರಾನ ಇಲ್ಲರಿ. ಸಣ್ಣ ಗಿರಣಿಗಿ ಅದು ತಾನಾಗಿ ಬರೂದಿಲ್ಲ, ಬೇಕಂದವರು ಬರದಕೊಡಬೇಕು. ನಿಮ್ಮ ಕಡಿಂದ ಯಾರೂ ಕೊಟ್ಟಿಲ್ಲ."

ನಮ್ಮ ಮಗ ಕೊಟ್ಟಾನ್ರಿ ಎಂದೆ. ಅವರು ತಲೆ ಅಲ್ಲಾಡಿಸಿದರು.

"ಹಂಗಾದ್ರ ಸಂಜಿಮುಂದ?"

"ಸಂಜಿಮುಂದ, ಮುಂಜಾನಿ, ರಾತ್ರಿ, ನಿಮಗ ಎಲ್ಲಾ ಒಂದ ದರ."

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ಬಂದೆ. ಅಳು ಬರಲಿಲ್ಲ. ಎರಡು ತಿಂಗಳು ಹನ್ನೊಂದು ದಿನ ಇಲ್ಲದ ದರಕ್ಕೆ ಹೆದರಿ ಆ ಮನುಷ್ಯ ಉಸಿರು ಬಿಗಿಹಿಡಿದು ಕುಳಿತಿದ್ದರು, ನಾನು ಬೆನ್ನು ನೀವುತ್ತಿದ್ದೆ. ಮಗನ ಮೇಲೆ ಸಿಟ್ಟು ಬಂತು. ನನ್ನ ಮೇಲೆಯೂ ಬಂತು; ಹೇಳಬೇಡ ಎಂದರೆಂದು ಬಾಯಿ ಮುಚ್ಚಿಕೊಂಡು ಕುಳಿತವಳು ನಾನೇ ಅಲ್ಲವೇ. ಆದರೂ ಊರು ಹತ್ತಿರವಾದಂತೆ ಮನಸ್ಸು ಹಗುರಾಯಿತು. ಹೇಳಿಬಿಟ್ಟರೆ ಮುಗಿಯಿತು, ಇವತ್ತಿನಿಂದ ಸಂಜೆ ನಳಿಗೆ ತೆಗೆಯುವ ಕಾರಣವೇ ಇಲ್ಲ.

ಐದೂವರೆಗೆ ಯುನೂಸನನ್ನು ಗಿರಣಿಯಿಂದ ಕರೆದು ಅವರ ಮುಂದೆಯೇ ಎಲ್ಲವನ್ನೂ ಹೇಳಿದೆ, ನಳಿಗೆಯ ಸಂಗತಿಯನ್ನೂ. ಯುನೂಸ ಮಂಚದ ಕೆಳಗೆ ನೆಲದ ಮೇಲೆಯೇ ಕುಳಿತುಬಿಟ್ಟ. ಸಂಜೆ ಗಿರಾಕಿ ಬಿಟ್ಟರೆ ಬೇರೆ ಗಿರಣಿಗೆ ಹೋಗುತ್ತಾರೆ, ಬರೆದುಕೊಡುವುದಿಲ್ಲ ಎಂದರೆ ಅಬ್ಬಾ ದಿನಾ ಜಗಳ ತೆಗೆಯುತ್ತಾನೆ, ಅದಕ್ಕೆ ಸುಮ್ಮನೆ ಕೊಟ್ಟೆ ಅಂದೆ ಎಂದ. ತಂದೆಯ ಪಾದದ ಮೇಲೆ ಕೈಯಿಟ್ಟುಕೊಂಡು ಕುಳಿತ.

ಅವರು ಬೈಯಲಿಲ್ಲ. ಆರು ಹೊಡೆಯಿತು. ನಳಿಗೆ ತೆಗೆಯಲಿಲ್ಲ. ಮಷಿನ್ನು ಗುರುಗುಡುತ್ತಲೇ ಇತ್ತು. ನಾನು ಒಳಗೊಳಗೇ ಅಲ್ಲಾಹನಿಗೆ ಶುಕರ್ ಹೇಳಿದೆ.

ಆರೂಕಾಲಿಗೆ ಅವರು ಬಾಯಿ ತೆರೆದರು.

"ಹಂಗಾದ್ರ ಈಗ ಬರದಕೊಡೂಣು."

ನಾನು ತಪ್ಪು ಕೇಳಿಸಿಕೊಂಡೆನೇನೋ ಎಂದುಕೊಂಡೆ. ಆದರೆ ಅವರು ಈ ಎರಡು ತಿಂಗಳು ಮಾತಾಡಲಾಗದ ಹೊತ್ತಿನಲ್ಲಿ ಎಲ್ಲವನ್ನೂ ವಿಚಾರ ಮಾಡಿಟ್ಟಿದ್ದರು. ಸಿಂದಗಿಯ ರೊಟ್ಟಿ ಮಾಡುವವರ ಜೋಳ ವಾರಕ್ಕೆ ಇಷ್ಟೊಂದು ಚೀಲ ಬರುತ್ತದೆ. ಚೀಲದ ಜೊತೆ ಯಾರೂ ನಿಲ್ಲುವುದಿಲ್ಲ, ಅದನ್ನೆಲ್ಲಾ ರಾತ್ರಿ ಹತ್ತರ ಮೇಲೆ, ಬೆಳಗಿನ ಜಾವ ಬೀಸಬಹುದು. ಊರವರದ್ದು ಹಗಲು. ಸಂಜೆ ತಡವಾಗಿ ಬಂದವರದ್ದು ಮಾತ್ರ ಒಂದು ತಾಸಿನಲ್ಲಿ ಮುಗಿಸಿ ಮೋಟಾರು ಬಂದ್ ಮಾಡುವುದು. ಯುನೂಸ ತಲೆ ತಗ್ಗಿಸಿಕೊಂಡೇ ಮೊಬೈಲಿನಲ್ಲಿ ಲೆಕ್ಕ ಹಾಕಿದ. ತಿಂಗಳಿಗೆ ಆರುನೂರು ಉಳಿಯುತ್ತದೆ ಎಂದ. ಬೇರೆ ದಿನವಾಗಿದ್ದರೆ ವಾದ ಮಾಡುತ್ತಿದ್ದ. ಇವತ್ತು ಅವನಿಗೆ ಆ ಬಾಯಿ ಇರಲಿಲ್ಲ.

ಆ ದರ ಬಂದರೆ ಸಂಜೆ ಇವರು ಮತ್ತೆ ನಳಿಗೆ ತೆಗೆಯುವವರೇ. ಹಾಗಿದ್ದರೆ ಮಷಿನ್ನನ್ನು ಮನೆಯ ಲೈನಿಗೆ ಹಾಕೋಣ ಎಂದೆ. ಆರುನೂರು ಉಳಿಸಲು ಹೋಗಿ ಎರಡು ಸಾವಿರದ ಬಿಲ್ಲು ತರುತ್ತೀಯೇನು ಎಂದರು. ಅದೂ ನಿಜವೇ. ಲೆಕ್ಕದಲ್ಲಿ ಅವರನ್ನು ಎಲ್ಲಿಯೂ ಹಿಡಿಯಲು ಆಗಲಿಲ್ಲ.

"ನಿಮ್ಮ ಮಷಿನ್ ಒಂದು ನಡೀಲಿ ಅಬ್ಬಾ" ಎಂದ ಯುನೂಸ. "ಉಳಕಿದ್ದೆಲ್ಲಾ ನೀವು ಹೇಳಿದಂಗ ಮಾಡ್ತೇನಿ."

"ಆ ಹೊತ್ತಿನ್ಯಾಗ ಮೋಟಾರ್ ಬಂದ್ ಮಾಡು ಅಂತ ನಿನಗ ಹೇಳಾಂವ ನಾ. ಹೇಳಾಂವನ ನಳಿಗಿ ಹಚ್ಚಕೊಂಡ ಕುಂತ್ರ ನೀ ಎಷ್ಟ ದಿನ ಕೇಳ್ತಿ?"

ಯುನೂಸ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ.

ಅರ್ಜಿ ಯುನೂಸ ಬರೆಯುವುದು ಬೇಡವೆಂದರು; ಅವನು ಮತ್ತೆ ಕೊಟ್ಟೆ ಅಂದುಬಿಡುತ್ತಾನೆ. ನಾನೇ ಬರೆಯಬೇಕು. ನಾನು ಐವತ್ತೆರಡು ವರ್ಷದವಳಿದ್ದಾಗ ರಾತ್ರಿ ಸಾಲೆಗೆ ಹೋಗಿ ಅಕ್ಷರ ಕಲಿಯಲು ಅವರೇ ಕಳಿಸಿದ್ದರು. ಆ ಅಕ್ಷರ ಇದಕ್ಕೆ ಬೇಕಾದೀತೆಂದು ಯಾರು ತಿಳಿದಿದ್ದರು? ನಾನು ಒಂದೇ ಮಾತು ಕೇಳಿದೆ.

"ಅರ್ಜಿ ಹೋಗೂ ತನಕ ಆ ದರ ಇಲ್ಲಲ್ರಿ. ಅಲ್ಲಿ ತನಕ ನಳಿಗಿ ಹಚ್ಚಕೋಬೇಕು."

ಅವರು ಒಂದು ಗಳಿಗೆ ವಿಚಾರ ಮಾಡಿದರು. "ಅದು ಖರೆ" ಎಂದರು.

ಅಂದು ಸಂಜೆ ಹಾಳೆ ತೆಗೆದು, ಗೆ, ಮಾನ್ಯರೇ ಎಂಬಷ್ಟೇ ಬರೆದು ಕಣ್ಣು ನೋಯುತ್ತದೆಂದು ಇಟ್ಟೆ. ಮರುದಿನ ಒಂದು ಸಾಲು. ಮೂರನೆಯ ದಿನ ಹಾಳೆಯ ಮೇಲೆ ಚಹಾ ಚೆಲ್ಲಿದೆ, ಬೇಕೆಂದೇ ಚೆಲ್ಲಿದೆ. ಆ ಸಂಜೆಗಳಲ್ಲಿ ಅವರು ಬಹಳ ದಿನಗಳ ಮೇಲೆ ದೀಪ ಹಚ್ಚಿದ ಹೊತ್ತಿನಲ್ಲಿ ಮಾತಾಡಿದರು. ಮೊದಲ ಸಲ ಮುದ್ದೇಬಿಹಾಳದಿಂದ ಎತ್ತಿನ ಗಾಡಿಯಲ್ಲಿ ಗಿರಣಿಯ ಕಲ್ಲು ತಂದದ್ದು, ಆ ಕಲ್ಲಿನ ಮೇಲೆ ನಾನು ಹೊಸ ಸೊಸೆಯಾಗಿ ಅರಿಯದೆ ಕುಳಿತದ್ದು, ಅವರ ಅವ್ವ ನನ್ನನ್ನು ಎಬ್ಬಿಸಿದ್ದು. ಬಿಸಿ ರೊಟ್ಟಿ ಒಂದಕ್ಕೆ ಎರಡು ತಿಂದರು. ಬೆರಳಿನ ಡಬ್ಬಿ ತೊಂಬತ್ತಮೂರರಿಂದ ಕದಲಲಿಲ್ಲ.

ನಾಲ್ಕನೆಯ ದಿನ ನನ್ನ ಪೆನ್ನನ್ನೇ ನೋಡುತ್ತಾ ಕುಳಿತಿದ್ದರು.

"ರಾತ್ರಿ ಸಾಲ್ಯಾಗ ಇಷ್ಟ ಮೆತ್ತಗ ಬರಿಯಾಕ ಕಲಿಸಿದ್ರೇನು ಯುನೂಸನ ಅಮ್ಮಾ?"

ಅವರಿಗೆ ಮೊದಲ ದಿನವೇ ತಿಳಿದಿತ್ತು. ತಿಳಿದೂ ನಾಲ್ಕು ಸಂಜೆ ನನಗೆ ಕೊಟ್ಟಿದ್ದರು. ಇನ್ನು ಎಳೆಯಲು ನನಗೆ ಮುಖವಿರಲಿಲ್ಲ. ಒಂದೇ ಬೈಠಕಿನಲ್ಲಿ ಬರೆದು ಮುಗಿಸಿದೆ. ನಮ್ಮ ಗಿರಣಿಯ ಮೀಟರಿಗೆ ಹೊತ್ತಿನ ದರ ಬೇಕೆಂದು, ಇದಕ್ಕೆ ನಮ್ಮ ಪೂರ್ಣ ಒಪ್ಪಿಗೆ ಉಂಟೆಂದು. ಓದಿ ಹೇಳು ಎಂದರು, ಓದಿದೆ. ಮೀಟರು ಅವರ ಹೆಸರಿನಲ್ಲಿದೆ. ಸಹಿ ಹಾಕಲು ಬರುವುದಿಲ್ಲ. ನಾನು ಹೆಬ್ಬೆರಳು ಹಿಡಿದು ಒತ್ತಿಸಿದೆ.

ಮರುದಿನ ಯುನೂಸ ಇಂಡಿಗೆ ಹೊರಟಾಗ ಬಾಗಿಲ ತನಕ ಹೋಗಿ, ಸೋಮವಾರ ಕೊಟ್ಟರೆ ಆಗದೇ ಎಂದು ಮೆಲ್ಲಗೆ ಕೇಳಿದೆ. ಅಬ್ಬಾ ಆಫೀಸಿನ ಠಸ್ಸೆ ಹಾಕಿಸಿ ಇವತ್ತೇ ತಂದು ತೋರಿಸು ಅಂದಾನ ಅಮ್ಮಾ ಎಂದ. ಗಾಡಿ ಚಾಲು ಮಾಡಿಯೂ ಸ್ವಲ್ಪ ಹೊತ್ತು ನಿಂತಿದ್ದ, ನಾನು ಮತ್ತೇನಾದರೂ ಹೇಳುತ್ತೇನೇನೋ ಎಂದು.

ಸಂಜೆ ನಾಲ್ಕಕ್ಕೆ ಠಸ್ಸೆ ಬಿದ್ದ ಪ್ರತಿ ತಂದ. ಹೊಸ ದರ ಯಾವಾಗಿನಿಂದ ಎಂದು ಅವರು ಕೇಳಿದರು. ಒಂದನೇ ತಾರೀಖಿನಿಂದ ಎಂದು ಓದಿ ಹೇಳಿದೆ. ಅಂದು ಇಪ್ಪತ್ತಾರು. ಅವರು ಬೆರಳು ಮಡಚಿ ಎಣಿಸಿದರು. ಗೋಡೆಯಾಚೆ ಯುನೂಸ ಮೋಟಾರು ಹಚ್ಚಿದ, ಹೆಣ್ಣುಮಕ್ಕಳ ಮಾತು ಕೇಳಿಸಿತು. ನಾನು ಒಲೆಯ ಕಡೆ ಹೋಗಲು ಎದ್ದೆ.

"ರೊಟ್ಟಿ ಆಮ್ಯಾಲ ಮಾಡಂತ" ಎಂದರು, ಮೂಗಿನ ನಳಿಗೆಯನ್ನು ಸರಿಮಾಡಿಕೊಳ್ಳುತ್ತಾ. "ಇನ್ನ ಐದ ಸಂಜಿ ಅದಾವ. ಕುಂದ್ರ, ಮಾತಾಡೂಣು."

ನಾನು ಕುಳಿತೆ.