ಕೆಟ್ಟದ್ದು ಸೆಟ್ಟೋ ಆಕಾಶವೋ

"ಸರಿಯಾಗಿದ್ದ ರೇಡಿಯೋ ಸೆಟ್ ಬಿಚ್ಚಿ ಹಾಳು ಮಾಡಿ, ಆಕಾಶ ಕೆಟ್ಟಿತ್ತು ಅಂದ ಮನುಷ್ಯ ನಮ್ಮಪ್ಪ!" ಅಪ್ಪನನ್ನು ಮಲಗಿಸಿದ ಚಟ್ಟಕ್ಕೆ ಹಗ್ಗ ಬಿಗಿಯುತ್ತಲೇ ಪೃಥ್ವೀರಾಜ್ ಎಲ್ಲರಿಗೂ ಕೇಳುವಂತೆ ಹೇಳಿದ. "ಹಡಗಿನ ಕೆಲಸ ಹೋಯ್ತು. ಆಮೇಲೆ ಈ ಗಾಜುವಾಕದಲ್ಲಿ ಜೀವನಪೂರ್ತಿ ರೇಡಿಯೋ ರಿಪೇರಿ. ಆ ಕತೆ ನಂಬ್ಕೊಂಡು ನಮ್ಮಣ್ಣನ ಮಗನೂ ಸ್ಕೂಲ್ ಬಿಟ್ಟ."

ಒಂದಿಬ್ಬರು ನಕ್ಕರು. ಹಗ್ಗದ ಇನ್ನೊಂದು ತುದಿ ಹಿಡಿದಿದ್ದ ಆ ಅಣ್ಣನ ಮಗ ನಂದನನ ಮುಖ ಕೆಂಪಾಯಿತು. ಅಜ್ಜ ಈ ಅಂಗಳ ಬಿಡುವ ಮೊದಲು ಆ ಮಾತು ಅಳಿಯಬೇಕಿತ್ತು.

"ಊರ್ಕೋಂಡಿ ಸಾರ್, ಈವತ್ತೊಂದು ದಿನ ಸುಮ್ನಿರಿ," ಎಂದ ಪಕ್ಕದ ಅಂಗಡಿಯ ಬಾಬ್ಜಿ.

"ಆಕಾಶ ಹೆಂಗೆ ಕೆಡುತ್ತೆ ಅಣ್ಣಾ?" ಎಂದು ನಂದನನನ್ನು ಕೇಳಿದಳು ಪೃಥ್ವೀರಾಜನ ಮಗಳು ಪ್ರತ್ಯೂಷಾ. ಅವಳಿಗೆ ನಿಜಕ್ಕೂ ತಿಳಿಯಬೇಕಿತ್ತು.

*

ಒಂಬತ್ತನೇ ತರಗತಿ ಬಿಟ್ಟ ವರ್ಷ ನಂದನನೂ ಅದನ್ನೇ ಕೇಳಿದ್ದ. ಅಜ್ಜ ಚಿಕ್ಕಣ್ಣ ಸೋಲ್ಡರಿಂಗ್ ಐರನ್ ಕೆಳಗಿಟ್ಟಿದ್ದ.

"ಅರವತ್ತೆರಡನೇ ಇಸವಿ. ಪೆಸಿಫಿಕ್‌ನಾಗಿದ್ವಿ. ಕೇಳ್ತಿದ್ದ ಸ್ಟೇಷನ್ನು ಕತ್ತರಿಸ್ದಂಗೆ ನಿಂತೋಯ್ತು. ಹೊರಗ್ ಬಂದ್ರೆ ಆಕಾಶ ಕೆಂಪಗೈತೆ."

"ಆಮೇಲೆ?"

"ಒಳಗೋಗಿ ಸೆಟ್ ಬಿಚ್ಚಿದೆ."

"ಆಕಾಶ ನೋಡಿದ್ಮೇಲೂ?"

"ಸದ್ದು ನಿಂತ್ರೆ ವೈರ್‌ಲೆಸ್‌ನೋನು ಮೊದ್ಲು ತನ್ನ ಸೆಟ್ಟನ್ನೇ ಅನುಮಾನಿಸ್ಬೇಕು ಕಣ್ಲಾ. ನಮಗೆ ಕಲ್ಸಿದ್ದೇ ಹಂಗೆ. ಕೈಜಾರಿ ಒಳಗಿನ ಗಾಜಿನ ವಾಲ್ವ್ ಒಡೀತು. ಬೆಳಗ್ಗೆ ಬೇರೆ ಹಡಗುಗಳಿಗೆಲ್ಲ ಸಿಗ್ನಲ್ ವಾಪಸ್ ಬಂತು. ನಮಗೊಬ್ರಿಗೆ ಬರ್ಲಿಲ್ಲ."

*

"ನೂರಾರು ಕಿಲೋಮೀಟರ್ ಮೇಲೆ ಬಿಸಿಲಿನಿಂದ ಆದ ವಿದ್ಯುತ್ ಪದರ ಇದೆ," ನಂದನ್ ಪ್ರತ್ಯೂಷಾಳಿಗೆ ಹೇಳಿದ, ದನಿ ಮಾತ್ರ ಚಿಕ್ಕಪ್ಪನ ಕಡೆಗಿತ್ತು. "ರೇಡಿಯೋ ಅಲೆ ಅದಕ್ಕೆ ತಗುಲಿ ವಾಪಸ್ ಬರುತ್ತೆ, ಗೋಡೆಗೆ ಹೊಡೆದ ಚೆಂಡಿನ ಥರ. ಹಂಗೇ ಸಮುದ್ರ ದಾಟುತ್ತೆ. ಆವತ್ತು ಅಮೆರಿಕದವರು ನಾನೂರು ಕಿಲೋಮೀಟರ್ ಎತ್ತರದಲ್ಲಿ ಅಣುಬಾಂಬ್ ಸಿಡಿಸಿದ್ರು. ಆ ಗೋಡೆ ಕದಡಿಹೋಯ್ತು. ಅದರ ಕೆಳಗಿನ ಪದರ ದಟ್ಟವಾಗಿ, ಮೇಲಕ್ಕೆ ಹೋಗೋ ಅಲೇನ ದಾರೀಲೇ ನುಂಗಿಬಿಡ್ತು."

"ತಾತಂಗೆ ಸೌಂಡ್ ಕೇಳಿಸ್ಲಿಲ್ವಾ?"

"ಅಷ್ಟು ಮೇಲೆ ಸೌಂಡ್ ಹೊತ್ತು ತರೋಕೆ ಗಾಳಿ ಎಲ್ಲಿದೆ?"

"ಓ!" ಎಂದು ಅವಳು ಮೇಲೆ ನೋಡಿದಳು. ಬಾಬ್ಜಿಯೂ ನೋಡಿದ.

ಪೃಥ್ವೀರಾಜ್ ಕೊನೆಯ ಗಂಟು ಹಾಕಿ ಎದ್ದ. "ಪ್ರೊಫೆಸರ್ ಗಾರು, ಇದೊಂದು ಹೇಳಿ. ಆಕಾಶಾನೇ ಕೆಟ್ಟಿದ್ರೆ, ಅಪ್ಪ ಸೆಟ್ ಯಾಕೆ ಬಿಚ್ಚಿದ್ರು?"

ಈ ಸಲ ಯಾರೂ ನಗಲಿಲ್ಲ. ಎಲ್ಲರೂ ನಂದನನ ಬಾಯನ್ನೇ ನೋಡುತ್ತಿದ್ದರು. ಮೊದಲು ತನ್ನ ಸೆಟ್ಟನ್ನೇ ಅನುಮಾನಿಸಬೇಕು ಎಂಬ ಅಜ್ಜನ ಮಾತು ಅವನಿಗೆ ನೆನಪಿತ್ತು, ಆದರೆ ಅದನ್ನು ಹೇಳಿದರೆ ಸರಿಯಿದ್ದ ಸೆಟ್ ಕೆಡಿಸಿದ್ದು ಅಜ್ಜನೇ ಎಂದು ಒಪ್ಪಿದಂತಾಗುತ್ತಿತ್ತು.

ಅವನು ಬಗ್ಗಿ ಚಟ್ಟದ ಮುಂದಿನ ಬಿದಿರಿಗೆ ಹೆಗಲು ಕೊಟ್ಟ. ಇನ್ನು ಮೂವರು ಓಡಿಬಂದು ಸೇರಿದರು. ಹೆಗಲ ಮೇಲಿದ್ದರೂ ಸಾಲದೆಂಬಂತೆ ಅವನು ಬಿದಿರನ್ನು ಎರಡೂ ಕೈಯಿಂದ ಎತ್ತಿ ಹಿಡಿದಿದ್ದ. ಬೀದಿಯ ತಿರುವಿನವರೆಗೂ ಚಟ್ಟ ಆ ಒಂದು ಮೂಲೆಯಲ್ಲಿ ಮಾತ್ರ ಎತ್ತರವಾಗಿ ಸಾಗಿತು.